ಗಾಜಿನ ಬೆನ್ನು

ವೆತುರಿಯಾ ಚಿತ್ರ ಬರೆಯುವುದು ಗಾಜಿನ ಬೆನ್ನಿಗೆ.
ನೋಡುವವರ ಕಡೆಯಿಂದಲ್ಲ,
ಗೋಡೆಯ ಕಡೆಯಿಂದ.

ಹಾಗಾಗಿ ಎಲ್ಲವೂ ತಿರುವುಮುರುವು.
ಮೊದಲು ಕಣ್ಣಂಚಿನ ಕಪ್ಪು ಗೆರೆ, ಆಮೇಲೆ ಕಣ್ಣು,
ಕಣ್ಣಿನ ಹಿಂದೆ ಮುಖ, ಮುಖದ ಹಿಂದೆ ಪ್ರಭೆ,
ಎಲ್ಲ ಮುಗಿದ ಮೇಲೆ ಆಕಾಶ.
"ಆರು ದಿನದ ಸೃಷ್ಟಿಯನ್ನು ಶುಕ್ರವಾರದಿಂದ
ಹಿಂದಕ್ಕೆ ಮಾಡಿದ ಹಾಗೆ," ಎನ್ನುತ್ತಾಳೆ,
ಕುಂಚದ ತುದಿಯನ್ನು ನಾಲಗೆಗೆ ಸೋಕಿಸಿ,
"ಮೊದಲು ಮನುಷ್ಯ, ಕಟ್ಟಕಡೆಗೆ ಬೆಳಕು."

ಕುಂಚ ಅಂದರೆ ಬೆಕ್ಕಿನ ಬಾಲದ ಏಳೆಂಟು ಕೂದಲು,
ಬಾತುಗರಿಯ ಕೊಳವೆಗೆ ಸಿಕ್ಕಿಸಿದ್ದು.
ಬೆಕ್ಕು ಒಲೆಯ ಮೇಲೆ ಮಲಗಿದೆ;
ಈ ಸೇವೆಯ ಬಗ್ಗೆ ಅದನ್ನು ಯಾರೂ ಕೇಳಿಲ್ಲ.
ಬಣ್ಣಕ್ಕೆ ಮೊಟ್ಟೆಯ ಹಳದಿ, ಒಂದು ಹನಿ ವಿನೆಗರ್.
ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ಮೊಟ್ಟೆ ತಿನ್ನುವ ಹಾಗಿಲ್ಲ,
ಕೋಳಿಗಳಿಗೆ ಅದು ಗೊತ್ತಿಲ್ಲ, ಇಡುತ್ತಲೇ ಇರುತ್ತವೆ.
ಊರು ತಿನ್ನದ ಮೊಟ್ಟೆಗಳೆಲ್ಲ
ಮಾತೆ ಮರಿಯಾಳ ಮುಸುಕಿಗೆ.

ಗಾಜು, ಮುಚ್ಚಿಹೋದ ರೈಲು ನಿಲ್ದಾಣದ ಕಿಟಕಿಯದ್ದು.
ಅಳಿಯ ದೊರಿನ್ ಕಂಬಳಿಯಲ್ಲಿ ಸುತ್ತಿ ತಂದದ್ದು.
ಮಟ್ಟಸವಿಲ್ಲ. ಒಳಗೆ ಗುಳ್ಳೆಗಳು,
ಎಂದೋ ಯಾರೋ ಊದಿದ ಉಸಿರು ಇನ್ನೂ ಅಲ್ಲೇ.
"ಗುಳ್ಳೆ ತಪ್ಪಿಸಬೇಡ," ಎಂದು ಕಲಿಸಿದಳು,
"ಅಲ್ಲಿಗೆ ಗಡ್ಡ ಬರಲಿ. ಸಂತನೂ ಉಸಿರಾಡಬೇಕಲ್ಲ."

ನಾನು ಕ್ಲುಜ್ ನಗರದಿಂದ ಈ ಗುಡ್ಡದೂರಿಗೆ ಬಂದವಳು.
ನಂಬಿಕೆ ಇರಲಿಲ್ಲ; ಬಿಡುವಿತ್ತು.
ಬರೆಯುವಾಗ ಪ್ರಾರ್ಥನೆ ಮಾಡುತ್ತೀರಾ, ಕೇಳಿದೆ.
"ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತೇನೆ.
ಮುಗಿದ ಮೇಲೆ ಬಿಡುತ್ತೇನೆ.
ಅವನು ಅದನ್ನು ಯಾವ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೋ,
ಅದು ಅವನ ಕೆಲಸ."

ನನ್ನ ಮೊದಲ ಚಿತ್ರ ಸಂತ ನಿಕೊಲಾಯೆ.
ಹನ್ನೊಂದು ದಿನ, ನನ್ನ ಬೆನ್ನು ಬಾಗಿತ್ತು ಗಾಜಿನ ಬೆನ್ನಿನ ಮೇಲೆ.
ತಿರುಗಿಸಿ ಬೆಳಕಿಗೆ ಹಿಡಿದರೆ
ಸಂತ ಎಡಗೈಯಲ್ಲಿ ಹರಸುತ್ತಿದ್ದ.

ಅಡಿಯ ನಕ್ಷೆಯನ್ನು ಮಗುಚಿಡಲು ಮರೆತಿದ್ದೆ.
ಹೆಸರಿನ ಅಕ್ಷರಗಳನ್ನು ಮಾತ್ರ ನೆನಪಿಟ್ಟು ತಿರುವಿದ್ದೆ,
ಅವು ನೆಟ್ಟಗೆ ಓದಿಸಿಕೊಳ್ಳುತ್ತ ನನ್ನ ಮಾನ ಕಳೆದವು.
ಗಾಜಿನಲ್ಲಿ ತಿದ್ದಲಾಗದು;
ಮೇಲೆ ಬಳಿದದ್ದೆಲ್ಲ ಹಿಂದೆ ಹೋಗುತ್ತದೆ,
ತಪ್ಪೇ ಮುಂದೆ ನಿಲ್ಲುತ್ತದೆ.
ಒದ್ದೆಬಟ್ಟೆ ಹಿಡಿದೆ, ಒರೆಸಿಬಿಡಲು.
ವೆತುರಿಯಾ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದಳು.
"ಗಡ್ಡ ಚೆನ್ನಾಗಿದೆ."
ಬಟ್ಟೆ ಕಿತ್ತುಕೊಂಡಳು.

ಆಲೂಗಡ್ಡೆ ಬುಟ್ಟಿಯ ಪಕ್ಕ ಒರಗಿಕೊಂಡೇ ಇತ್ತು,
ಆಗಸ್ಟಿನ ಯಾತ್ರೆಯವರೆಗೆ.
ಜನ ಬಂದರು, ಬಗ್ಗಿದರು, ಬೇರೆ ಕೊಂಡರು.
ಒಬ್ಬ ಪಾದ್ರಿ ಮೆಲ್ಲಗೆ ಕೆಮ್ಮಿದರು.

ಆಮೇಲೆ ಮರದ ಮಿಲ್ಲಿನ ಪಂತೆಲಿಮೋನ್ ಬಂದ.
ಬಲಗೈ ಮಣಿಕಟ್ಟಿಗೇ ನಿಂತಿತ್ತು,
ಅಂಗಿಯ ತೋಳು ಮಡಚಿ ಪಿನ್ನು ಹಾಕಿದ್ದ.
ಎಡಗೈಯಲ್ಲಿ ಶಿಲುಬೆ ಗುರುತು ಮಾಡಿಕೊಂಡರೆ
ಚರ್ಚಿನಲ್ಲಿ ಮುದುಕಿಯರು ಕಣ್ಣು ತಗ್ಗಿಸುತ್ತಾರಂತೆ.
ಸರಿಯಾದ ಸಂತರನ್ನೆಲ್ಲ ದಾಟಿ
ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ;
ಅಂಗೈಯೇ ಹೋದವನಿಗೆ ಬೇಕೋ ಏನೋ.
"ಇವರದ್ದೂ ಗರಗಸವೇ?" ಎಂದ.

ಏನಾದರೂ ಆಳದ ಅರ್ಥ ಹೊಸೆಯಬಹುದಿತ್ತು.
"ತಪ್ಪಿ ಬರೆದೆ," ಎಂದೆ.
"ನನ್ನದೂ ಹಾಗೇ. ಬೆಳಗಿನ ಪಾಳಿ, ನಿದ್ದೆ ಸಾಲದೆ."
ನೋಟುಗಳನ್ನು ಎದೆಗೊತ್ತಿಕೊಂಡು ಎಡಗೈಯಲ್ಲಿ ಎಣಿಸಿದ.
ಚೌಕಟ್ಟು ಬೇಡವಂತೆ, ತಾನೇ ಮಾಡಿಕೊಳ್ಳುತ್ತಾನಂತೆ,
ಸ್ವಲ್ಪ ಸೊಟ್ಟಗಾದೀತು, ಆಗಲಿ.

ಈಗ ನಾನು ನಕ್ಷೆಯನ್ನು ಎರಡು ಸಲ ನೋಡಿ ಮಗುಚುತ್ತೇನೆ.
ಒದ್ದೆಬಟ್ಟೆಯನ್ನು ಮಾತ್ರ ಪಕ್ಕದ ಕೋಣೆಯಲ್ಲಿ ಇಟ್ಟಿರುತ್ತೇನೆ.
ಕಣ್ಣಂಚಿನ ಗೆರೆ ಎಳೆಯುವವರೆಗೆ ಉಸಿರು ಬಿಗಿ.
ಆಮೇಲೆ ಬಿಡುತ್ತೇನೆ.
ಗಾಜಿನ ಮೇಲೆ ಒಂದಿಷ್ಟು ಆವಿ ಕೂತು,
ಆರುತ್ತದೆ.